ರೋಗಕ್ಕೆ ಕಾಲಿಲ್ಲ, ದಾರಿ ಇದೆ

ನಾರುಹುಣ್ಣು ಅಂತ ಒಂದು ರೋಗ. ಪಾದದ ಹತ್ತಿರ ಒಂದು ಗುಳ್ಳೆ ಏಳುತ್ತದೆ. ಬೆಂಕಿ ಇಟ್ಟ ಹಾಗೆ ಉರಿ. ತಡೆಯಲಾರದೆ ಮನುಷ್ಯ ಹತ್ತಿರದ ಕೊಳಕ್ಕೆ ಹೋಗಿ ಕಾಲು ಇಳಿಬಿಡುತ್ತಾನೆ. ತಣ್ಣಗೆ ಅನಿಸುತ್ತದೆ. ಅಷ್ಟರಲ್ಲಿ ಗುಳ್ಳೆ ಒಡೆದು, ದಾರದಂಥ ಬಿಳಿ ಹುಳುವೊಂದರ ತುದಿ ಹೊರಗೆ ಇಣುಕುತ್ತದೆ. ನೀರು ತಾಗಿದ್ದೇ ತಡ, ಅದು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಕಂಡೂ ಕಾಣದಷ್ಟು ಸಣ್ಣ ನೀರುಜೀವಿಗಳು ಆ ಮರಿಗಳನ್ನು ತಿನ್ನುತ್ತವೆ. ಅದೇ ಕೊಳದ ನೀರನ್ನು ಇನ್ಯಾರೋ ಕುಡಿಯುತ್ತಾರೆ. ಸುಮಾರು ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಅವರ ಕಾಲಿನಲ್ಲೂ ಒಂದು ಗುಳ್ಳೆ.

ಹುಳು ಒಂದು ಮೀಟರ್ ಉದ್ದದ ತನಕ ಇರಬಹುದು. ಜೋರಾಗಿ ಎಳೆದರೆ ತುಂಡಾಗುತ್ತದೆ, ತುಂಡಾದರೆ ಒಳಗೆ ಕೀವಾಗುತ್ತದೆ. ಅದಕ್ಕೇ ಸಣ್ಣ ಕಡ್ಡಿಗೆ ಸುತ್ತಿಕೊಂಡು, ದಿನಕ್ಕೆ ಸ್ವಲ್ಪ ಸ್ವಲ್ಪವೇ, ವಾರಗಟ್ಟಲೆ ಹೊರಗೆ ತೆಗೆಯಬೇಕು. ಈ ರೋಗಕ್ಕೆ ಲಸಿಕೆ ಇಲ್ಲ. ವಾಸಿ ಮಾಡುವ ಔಷಧಿಯೂ ಇಲ್ಲ. ಆದರೂ 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ಈ ರೋಗ, 2023ರಲ್ಲಿ ಇಡೀ ಜಗತ್ತಿನಲ್ಲಿ ಬಂದದ್ದು 14 ಜನರಿಗೆ.

ಮಾಡಿದ್ದಾದರೂ ಏನು? ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿದರು. ಗುಳ್ಳೆ ಎದ್ದವರು ಕೊಳಕ್ಕೆ ಇಳಿಯದ ಹಾಗೆ ನೋಡಿಕೊಂಡರು. ಕೊಳಗಳಿಗೆ ಆ ನೀರುಜೀವಿಗಳನ್ನು ಕೊಲ್ಲುವ ಔಷಧಿ ಹಾಕಿದರು. ಶುದ್ಧ ನೀರಿನ ಬಾವಿ ತೋಡಿದರು. ಇದನ್ನೇ ಊರೂರಿಗೂ ಹೋಗಿ, ವರ್ಷ ವರ್ಷವೂ ಬಿಡದೆ ಮಾಡಿದರು.

ಸಾಂಕ್ರಾಮಿಕ ರೋಗ ಹೇಗೆ ಹರಡುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಶುರು ಮಾಡುವುದು ಈ ಹುಳುವಿನಿಂದಲೇ. ಯಾಕೆಂದರೆ ಇದರ ದಾರಿ ಕಣ್ಣಿಗೆ ಕಾಣುತ್ತದೆ. ಬೇರೆ ರೋಗಗಳ ದಾರಿ ಕಾಣುವುದಿಲ್ಲ, ಆದರೆ ಇದ್ದೇ ಇರುತ್ತದೆ. ಬ್ಯಾಕ್ಟೀರಿಯಾ ಇರಲಿ, ವೈರಸ್ ಇರಲಿ, ಹುಳು ಇರಲಿ, ಒಂದು ಮೈಯಿಂದ ಇನ್ನೊಂದು ಮೈಗೆ ತಾನಾಗಿ ನಡೆದುಹೋಗಲಾರದು. ಅದನ್ನು ಯಾರೋ, ಏನೋ ಹೊತ್ತುಕೊಂಡು ಹೋಗಬೇಕು. ಹಾಗಾಗಿ ಯಾವ ರೋಗದ ಹೆಸರು ಕೇಳಿದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಮೈಯಿಂದ ಎಲ್ಲಿ ಹೊರಗೆ ಬರುತ್ತದೆ? ಯಾವುದರ ಮೇಲೆ ಸವಾರಿ ಮಾಡುತ್ತದೆ? ಇನ್ನೊಬ್ಬರ ಮೈಯೊಳಗೆ ಎಲ್ಲಿಂದ ನುಗ್ಗುತ್ತದೆ? ಇಷ್ಟು ಗೊತ್ತಾದರೆ ಏನು ಮಾಡಬೇಕು ಅನ್ನುವುದು ಹೆಚ್ಚುಕಡಿಮೆ ತಾನಾಗಿಯೇ ಹೊಳೆಯುತ್ತದೆ.

ದಾರಿ ತಪ್ಪಾಗಿ ತಿಳಿದುಕೊಂಡರೆ ಶ್ರಮವೆಲ್ಲ ವ್ಯರ್ಥ. ಕೋವಿಡ್ ಬಂದ ಹೊಸತರಲ್ಲಿ ಹೊರಗಿನಿಂದ ತಂದ ಪೊಟ್ಟಣವನ್ನೆಲ್ಲ ಒರೆಸಿ ಒರೆಸಿ ಇಡುತ್ತಿದ್ದೆವು. ಕಿಟಕಿ ಮಾತ್ರ ಮುಚ್ಚಿಯೇ ಇರುತ್ತಿತ್ತು. ಆ ವೈರಸ್ ಹೆಚ್ಚಾಗಿ ಹರಡುತ್ತಿದ್ದದ್ದು ಉಸಿರಿನಿಂದ, ಗಾಳಿಯಾಡದ ಕೋಣೆಗಳಲ್ಲಿ. ಅದು ಎಲ್ಲರಿಗೂ ಮನವರಿಕೆಯಾಗಲು ಬಹಳ ಕಾಲ ಬೇಕಾಯಿತು.

ಗಾಳಿಯಲ್ಲಿ ತೇಲುವವು

ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ, ಹಾಡಿದಾಗ ಕೂಡ ಬಾಯಿಂದ ಹನಿಗಳು ಹೊರಗೆ ಬರುತ್ತವೆ. ದಪ್ಪ ಹನಿಗಳು ಒಂದೆರಡು ಮೀಟರ್ ಒಳಗೇ ನೆಲಕ್ಕೆ ಬೀಳುತ್ತವೆ. ತೀರಾ ಸಣ್ಣವು ಹಾಗಲ್ಲ. ಊದುಬತ್ತಿಯ ಹೊಗೆಯ ಹಾಗೆ ತೇಲುತ್ತಾ ಇರುತ್ತವೆ. ಹೊಗೆಯ ಈ ಹೋಲಿಕೆ ನೆನಪಿಟ್ಟುಕೊಳ್ಳಿ, ಬಹಳ ಉಪಯೋಗಕ್ಕೆ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಒಬ್ಬರು ಬೀಡಿ ಸೇದಿದರೆ ದೂರದ ಮೂಲೆಯಲ್ಲಿ ಕೂತವರಿಗೂ ವಾಸನೆ ಬರುತ್ತದೆ ಅಲ್ವಾ? ಕಿಟಕಿ ಬಾಗಿಲು ತೆರೆದರೆ ಕಡಿಮೆಯಾಗುತ್ತದೆ. ಬಯಲಿನಲ್ಲಿ ಗೊತ್ತೇ ಆಗುವುದಿಲ್ಲ. ಗಾಳಿಯಲ್ಲಿ ಹರಡುವ ರೋಗದ ಲೆಕ್ಕವೂ ಹೆಚ್ಚುಕಡಿಮೆ ಇದೇ.

ಈ ದಾರಿಯಲ್ಲಿ ದಡಾರವನ್ನು ಮೀರಿಸುವುದು ಇಲ್ಲ. ದಡಾರ ಬಂದ ಮಗು ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಯ ತನಕ ವೈರಸ್ ಅಲ್ಲಿನ ಗಾಳಿಯಲ್ಲಿ ಉಳಿದಿರಬಹುದು. ರಕ್ಷಣೆ ಇಲ್ಲದ ಹತ್ತು ಜನ ಆ ಮಗುವಿನ ಹತ್ತಿರ ಇದ್ದರೆ ಅವರಲ್ಲಿ ಒಂಬತ್ತು ಜನರಿಗೆ ರೋಗ ತಗಲಬಹುದು. ಮೈಮೇಲೆ ಕೆಂಪು ದದ್ದು ಏಳುವ ನಾಲ್ಕು ದಿನ ಮೊದಲೇ ಮಗು ರೋಗ ಹಂಚಲು ಶುರು ಮಾಡಿರುತ್ತದೆ. ಆಗ ನೋಡುವವರಿಗೆ ಅದು ಬರೀ ನೆಗಡಿ, ಜ್ವರ.

ಕ್ಷಯವೂ ಗಾಳಿಯಲ್ಲೇ ಹರಡುತ್ತದೆ, ಆದರೆ ಅದರ ನಡೆ ನಿಧಾನ. ರಸ್ತೆಯಲ್ಲಿ ಪಕ್ಕದಲ್ಲಿ ಹಾದುಹೋದವರಿಂದ ಬರುವ ಸಾಧ್ಯತೆ ತೀರಾ ಕಡಿಮೆ. ಒಂದೇ ಕೋಣೆಯಲ್ಲಿ ದಿನಗಟ್ಟಲೆ ಜೊತೆಗಿದ್ದವರಿಗೆ ಅಪಾಯ ಜಾಸ್ತಿ. ತಟ್ಟೆ ಲೋಟದಿಂದ ಕ್ಷಯ ಹರಡುವುದಿಲ್ಲ, ಕೈ ಕುಲುಕಿದರೂ ಹರಡುವುದಿಲ್ಲ. ಕ್ಷಯ ಬಂದವರಿಗೆ ಬೇರೆ ತಟ್ಟೆ ಇಟ್ಟು, ಮೂಲೆಯ ಕತ್ತಲೆ ಕೋಣೆಗೆ ಕಳಿಸುವುದನ್ನು ಕಂಡರೆ ನನಗೆ ತುಂಬ ಸಂಕಟವಾಗುತ್ತದೆ. ಬೇಕಾಗಿರುವುದು ಅದರ ತದ್ವಿರುದ್ಧ. ಬೆಳಕು ಗಾಳಿ ಇರುವ ಕೋಣೆ, ಮುಖಕ್ಕೊಂದು ಮಾಸ್ಕ್, ಮತ್ತು ತಪ್ಪದೆ ಮಾತ್ರೆ. ಸರಿಯಾದ ಚಿಕಿತ್ಸೆ ಶುರುವಾದ ಕೆಲವು ವಾರಗಳಲ್ಲೇ ಹೆಚ್ಚಿನವರಿಂದ ರೋಗ ಹರಡುವುದು ನಿಂತುಹೋಗುತ್ತದೆ. ಮಾತ್ರೆಯನ್ನು ಮಾತ್ರ ತಿಂಗಳುಗಟ್ಟಲೆ, ಹೇಳಿದಷ್ಟು ದಿನ ನುಂಗಲೇಬೇಕು.

ಕೈ, ಬಾಯಿ, ನೀರು

1847. ವಿಯೆನ್ನಾದ ದೊಡ್ಡ ಆಸ್ಪತ್ರೆ. ಅಲ್ಲಿ ಎರಡು ಹೆರಿಗೆ ವಾರ್ಡ್. ಒಂದರಲ್ಲಿ ಹೆರಿಗೆ ಮಾಡಿಸುವವರು ಸೂಲಗಿತ್ತಿಯರು, ಇನ್ನೊಂದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು. ಡಾಕ್ಟರುಗಳ ವಾರ್ಡಿನಲ್ಲೇ ಬಾಣಂತಿಯರು ಜಾಸ್ತಿ ಸಾಯುತ್ತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ 18 ತಾಯಂದಿರು ತೀರಿಕೊಂಡರು. ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕಾರಣ ಹುಡುಕಿದರು. ವಿದ್ಯಾರ್ಥಿಗಳು ಹೆಣ ಕೊಯ್ದು ಕಲಿಯುವ ಕೋಣೆಯಿಂದ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರು ಆ ಕೋಣೆಗೆ ಹೋಗುತ್ತಲೇ ಇರಲಿಲ್ಲ. ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಅಂತ ಅವರು ಕಟ್ಟುನಿಟ್ಟು ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ರೋಗಾಣು ಎಂಬ ಮಾತೇ ಆಗ ವೈದ್ಯರ ನಡುವೆ ಬೇರೂರಿರಲಿಲ್ಲ. ಸೆಮ್ಮೆಲ್‌ವೈಸ್‌ಗೆ ರೋಗಾಣು ಕಂಡಿರಲಿಲ್ಲ, ಅದು ಬರುವ ದಾರಿ ಕಂಡಿತ್ತು. ಆದರೆ ಕೊಲ್ಲುತ್ತಿರುವುದು ತಮ್ಮ ಕೈಗಳೇ ಅನ್ನುವುದನ್ನು ಒಪ್ಪಲು ಆ ಕಾಲದ ಬಹಳಷ್ಟು ಡಾಕ್ಟರುಗಳಿಗೆ ಆಗಲಿಲ್ಲ.

ಕೈ ತೊಳೆಯುವಾಗ ಏನು ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಸೋಪಿನ ಒಂದೊಂದು ಅಣುವಿಗೂ ಎರಡು ತುದಿ. ಒಂದು ತುದಿ ನೀರನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ಜಿಡ್ಡನ್ನು ಹಿಡಿದುಕೊಳ್ಳುತ್ತದೆ. ಫ್ಲೂ, ಕೊರೊನಾದಂಥ ವೈರಸ್‌ಗಳ ಮೈಗೆ ಜಿಡ್ಡಿನ ಹೊದಿಕೆ ಇರುತ್ತದೆ. ಜಿಡ್ಡು ಹಿಡಿಯುವ ತುದಿಗಳು ಆ ಹೊದಿಕೆಗೆ ನಾಟಿಕೊಂಡು ಅದನ್ನು ಸೀಳಿಬಿಡುತ್ತವೆ. ವೈರಸ್ ಬಿಚ್ಚಿಹೋಗುತ್ತದೆ. ಹೊದಿಕೆ ಇಲ್ಲದ ರೋಗಾಣುಗಳು ಸಾಯದೇ ಇರಬಹುದು, ಆದರೆ ಜಿಡ್ಡಿನ ಜೊತೆ ಚರ್ಮದಿಂದ ಎದ್ದು ನೀರಿನಲ್ಲಿ ಕೊಚ್ಚಿಕೊಂಡು ಹೋಗುತ್ತವೆ. ಇದಕ್ಕೆಲ್ಲ ಸಮಯ ಬೇಕು, ಉಜ್ಜಾಟವೂ ಬೇಕು. 20 ಸೆಕೆಂಡು ಅಂತ ಹೇಳುವುದು ಅದಕ್ಕೇ. ಮುಂದಿನ ಸಲ ಗಮನಿಸಿ ನೋಡಿ, ನಾವು ಅಂಗೈ ಮಾತ್ರ ಉಜ್ಜಿ ಮುಗಿಸುತ್ತೇವೆ. ಹೆಬ್ಬೆರಳು, ಬೆರಳ ತುದಿ, ಉಗುರಿನ ಸಂದಿ ಹಾಗೇ ಉಳಿಯುತ್ತವೆ. ಕಣ್ಣು ಉಜ್ಜುವುದು, ಮೂಗು ಮುಟ್ಟುವುದು ಮಾತ್ರ ಅದೇ ಬೆರಳ ತುದಿಯಿಂದ.

ಸ್ಯಾನಿಟೈಸರ್ ಒಳ್ಳೆಯದೇ, ಆದರೆ ಎಲ್ಲದಕ್ಕೂ ಅಲ್ಲ. ವಾಂತಿ ಭೇದಿ ತರುವ ನೋರೋವೈರಸ್‌ಗೆ ಜಿಡ್ಡಿನ ಹೊದಿಕೆ ಇಲ್ಲ. ಸ್ಯಾನಿಟೈಸರ್‌ಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಅಲ್ಲಿ ಸೋಪು ನೀರೇ ಬೇಕು.

ನೀರಿನ ದಾರಿಯ ಕಥೆ ಬಹಳ ಜನ ಕೇಳಿರುತ್ತೀರಿ. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ. ಹತ್ತೇ ದಿನದಲ್ಲಿ 500ಕ್ಕೂ ಹೆಚ್ಚು ಸಾವು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಅಂತ ಎಲ್ಲರೂ ನಂಬಿದ್ದ ಕಾಲ. ಜಾನ್ ಸ್ನೋ ಎಂಬ ಡಾಕ್ಟರು ಮನೆಮನೆಗೆ ಹೋಗಿ, ಸತ್ತವರು ಎಲ್ಲಿಯ ನೀರು ಕುಡಿಯುತ್ತಿದ್ದರು ಅಂತ ಕೇಳಿದರು. ಎಲ್ಲ ಎಳೆಗಳೂ ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿಗೆ ಹೋಗಿ ಸೇರಿದವು. ನನಗೆ ಅದಕ್ಕಿಂತ ಇಷ್ಟವಾಗುವುದು ಅವರು ರೋಗ ಬಾರದವರ ಬಗ್ಗೆಯೂ ವಿಚಾರಿಸಿದ್ದು. ಪಂಪಿನ ಪಕ್ಕದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಆರಾಮವಾಗಿದ್ದರು. ಅವರು ಆ ಪಂಪಿನ ನೀರು ಕುಡಿಯುತ್ತಲೇ ಇರಲಿಲ್ಲ. ಕಡೆಗೆ ಪಂಪಿನ ಹಿಡಿಯನ್ನು ಬಿಚ್ಚಿಸಿದರು. ಅಷ್ಟು ಹೊತ್ತಿಗೆ ರೋಗ ಇಳಿಮುಖವಾಗಿತ್ತು, ನಿಜ. ಆದರೆ ದಾರಿ ಯಾವುದು ಅಂತ ಜಗತ್ತಿಗೆ ತೋರಿಸಿದ್ದು ಆ ಹುಡುಕಾಟವೇ.

ಕಾಲರಾ, ಟೈಫಾಯ್ಡ್, ಪೋಲಿಯೊ, ಒಂದು ಬಗೆಯ ಕಾಮಾಲೆ ಇವೆಲ್ಲ ಮಲದಿಂದ ಬಾಯಿಗೆ ಬರುವ ರೋಗಗಳು. ಹೇಳಲು ಹೇಸಿಗೆ ಅನಿಸುತ್ತದೆ, ಆದರೆ ಹೇಳದೆ ಇದ್ದರೆ ದಾರಿ ತಿಳಿಯುವುದಿಲ್ಲ. ಶೌಚಾಲಯ, ಮುಚ್ಚಿದ ಚರಂಡಿ, ಕ್ಲೋರಿನ್ ಹಾಕಿದ ನೀರು, ತೊಳೆದ ಕೈ. ಇವು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ.

ಸೊಳ್ಳೆಗೆ ಒಂದು ವಾರ ಸಾಕು

ಮಲೇರಿಯಾಕ್ಕೆ ಸೊಳ್ಳೆಯೇ ವಾಹನ ಅನ್ನುವುದರ ಮೊದಲ ಗಟ್ಟಿ ಸುಳಿವು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್‌ಗೆ ಸಿಕ್ಕಿತು. ರೋಗಿಯ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಅವರು ಮಲೇರಿಯಾ ಪರಾವಲಂಬಿಯನ್ನು ಕಂಡರು. ಸೊಳ್ಳೆ ಸುಮ್ನೆ ಸೂಜಿಯ ಹಾಗೆ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಚುಚ್ಚುವುದಿಲ್ಲ. ಪರಾವಲಂಬಿ ಅದರ ಮೈಯೊಳಗೆ ಬೆಳೆದು, ಎಂಜಲಿಗೆ ಬಂದು ಸೇರಲು ಸುಮಾರು ಹತ್ತು ದಿನ ಅಥವಾ ಇನ್ನೂ ಹೆಚ್ಚು ಬೇಕು. ಅಷ್ಟು ದಿನ ಬದುಕಿ ಉಳಿದ ಸೊಳ್ಳೆಯಿಂದ ಮಾತ್ರ ಅಪಾಯ. ಅಂದರೆ ಸೊಳ್ಳೆಯ ಆಯಸ್ಸನ್ನು ಕೆಲವೇ ದಿನ ಕಡಿಮೆ ಮಾಡಿದರೂ ರೋಗ ಎಷ್ಟೋ ಕಡಿಮೆಯಾಗುತ್ತದೆ. ಔಷಧಿ ಹಚ್ಚಿದ ಸೊಳ್ಳೆಪರದೆ ಆ ಕೆಲಸವನ್ನೂ ಮಾಡುತ್ತದೆ.

ಡೆಂಗಿಯ ಸೊಳ್ಳೆಯ ಸ್ವಭಾವವೇ ಬೇರೆ. ಇದು ಹಗಲಿನಲ್ಲಿ ಕಚ್ಚುತ್ತದೆ. ಕೊಳಚೆ ಗುಂಡಿಗಿಂತ ಮನೆಯೊಳಗಿನ, ಮನೆ ಸುತ್ತಲಿನ ತಿಳಿನೀರೇ ಇದಕ್ಕೆ ಪ್ರೀತಿ. ಹೂಕುಂಡದ ತಟ್ಟೆ, ಹಳೆಯ ಟೈರು, ಮುಚ್ಚಳವಿಲ್ಲದ ಡ್ರಮ್ಮು. ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ನೀರು ಬತ್ತಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಯೇ ಕಾಯುತ್ತವೆ. ಮತ್ತೆ ನೀರು ಏರಿದಾಗ ಒಡೆಯುತ್ತವೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ನೀರು ಚೆಲ್ಲಿ ಅಂತ ಹೇಳುವುದು ಈ ಲೆಕ್ಕದಿಂದಲೇ. ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಗಸಗಸ ತಿಕ್ಕಬೇಕು. ಹೊಗೆ ಹಾಕುವುದು ಹಾರುತ್ತಿರುವ ಸೊಳ್ಳೆಗೆ. ಗೋಡೆಗೆ ಅಂಟಿದ ಮೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ.

ಇನ್ನು ರಕ್ತ ಮತ್ತು ಲೈಂಗಿಕ ಸಂಪರ್ಕದ ದಾರಿ. ಎಚ್‌ಐವಿ, ಹೆಪಟೈಟಿಸ್ ಬಿ ಈ ದಾರಿಯವು. ತಾಯಿಯಿಂದ ಮಗುವಿಗೂ ದಾಟಬಹುದು, ಅದನ್ನು ತಡೆಯುವ ಔಷಧಿ, ಲಸಿಕೆಗಳೂ ಇವೆ. ಎಚ್‌ಐವಿ ಮುಟ್ಟಿದರೆ, ಜೊತೆಗೆ ಕೂತು ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ದಿನವೂ ಔಷಧಿ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಅದು ಹರಡುವುದಿಲ್ಲ. ಧನುರ್ವಾಯು ಇನ್ನೂ ಬೇರೆ. ಅದು ಮನುಷ್ಯರಿಂದ ಮನುಷ್ಯರಿಗೆ ಬರುವುದೇ ಇಲ್ಲ. ಮಣ್ಣಿನಿಂದ ಗಾಯಕ್ಕೆ ಬರುತ್ತದೆ. ಹಾಗಾಗಿ ಸುತ್ತಲಿನವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೂ ನಿಮಗೆ ರಕ್ಷಣೆ ಸಿಗುವುದಿಲ್ಲ. ನಿಮ್ಮ ಚುಚ್ಚುಮದ್ದು ನೀವೇ ಹಾಕಿಸಿಕೊಳ್ಳಬೇಕು.

ಯಾವಾಗ ಹರಡುತ್ತದೆ?

ದಾರಿಯ ಜೊತೆಗೆ ಹೊತ್ತೂ ಮುಖ್ಯ. ಇದನ್ನು ಬಹಳ ಜನ ಮರೆಯುತ್ತಾರೆ. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ರೋಗ ಬಂದಾಗ, ರೋಗಿಗೆ ಜ್ವರ ಕೆಮ್ಮು ಜೋರಾದ ಮೇಲೆಯೇ ವೈರಸ್ ಹೆಚ್ಚು ಹರಡುತ್ತಿತ್ತು. ಜ್ವರ ಬಂದವರನ್ನು ಬೇಗ ಪತ್ತೆ ಮಾಡಿ ಪ್ರತ್ಯೇಕ ಇಟ್ಟರು, ಅವರ ಜೊತೆಗಿದ್ದವರ ಮೇಲೆ ಕಣ್ಣಿಟ್ಟರು. ಲಸಿಕೆಯೇ ಇಲ್ಲದೆ ಕೆಲವೇ ತಿಂಗಳಲ್ಲಿ ಅದು ನಿಂತಿತು. ಕೋವಿಡ್ ಕೂಡ ಅದೇ ಕುಟುಂಬದ ವೈರಸ್ಸು. ಆದರೆ ಇದು ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡುತ್ತದೆ, ಲಕ್ಷಣವೇ ಇಲ್ಲದವರಿಂದಲೂ ಹರಡುತ್ತದೆ. ಬಾಗಿಲಲ್ಲಿ ನಿಂತು ಜ್ವರ ಅಳೆದರೆ ಅಂಥವರು ಹೇಗೆ ಸಿಗಬೇಕು? ಅದಕ್ಕೇ ಆಗ ಹುಷಾರಾಗಿದ್ದವರಿಗೂ ಮಾಸ್ಕ್ ಹಾಕಿ ಅಂದದ್ದು.

ಪ್ರತ್ಯೇಕವಾಸ ಅಂದರೆ ರೋಗ ಬಂದವರನ್ನು ಬೇರೆ ಇಡುವುದು. ಕ್ವಾರಂಟೈನ್ ಅಂದರೆ ರೋಗ ಬಂದಿರಬಹುದು ಅಂತ ಅನುಮಾನ ಇರುವವರು ಕಾದು ನೋಡುವುದು. ಎರಡೂ ಒಂದೇ ಅಲ್ಲ. 1377ರಲ್ಲೇ ಇಂದಿನ ಡುಬ್ರೊವ್ನಿಕ್ ಬಂದರಿನವರು ಪ್ಲೇಗ್ ಇರುವ ಕಡೆಯಿಂದ ಬಂದವರನ್ನು 30 ದಿನ ಊರ ಹೊರಗೆ ಇರಿಸುವ ಕಾಯಿದೆ ಮಾಡಿದ್ದರು. ಅದು ಮುಂದೆ 40 ದಿನವಾಯಿತು. ನಲವತ್ತು ಅನ್ನುವ ಇಟಲಿಯ ಮಾತಿನಿಂದಲೇ ಕ್ವಾರಂಟೈನ್ ಎಂಬ ಹೆಸರು ಬಂದದ್ದು.

ಪ್ರಾಣಿಗಳ ಬಾಗಿಲು

ಮನುಷ್ಯರಿಗೆ ಬರುವ, ಈಗ ಗೊತ್ತಿರುವ ಸಾಂಕ್ರಾಮಿಕ ರೋಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಾಣಿಗಳಿಂದಲೂ ಬರಬಲ್ಲವು. ಹೊಸದಾಗಿ ಕಾಣಿಸಿಕೊಳ್ಳುವ ರೋಗಗಳಲ್ಲಂತೂ ನಾಲ್ಕರಲ್ಲಿ ಮೂರು ಹೀಗೇ ಬಂದಂಥವು. ಇದು ಪ್ರಾಣಿಗಳ ತಪ್ಪಲ್ಲ. ನಾವೂ ಅವೂ ಒಂದೇ ನೀರು, ಒಂದೇ ನೆಲ ಹಂಚಿಕೊಂಡಿದ್ದೇವೆ.

1998ರಲ್ಲಿ ಮಲೇಷ್ಯಾದಲ್ಲಿ ನಿಪಾ ಕಾಣಿಸಿಕೊಂಡದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಹಂದಿ ಸಾಕಣೆಯ ಜಾಗದಲ್ಲೇ ಹಣ್ಣಿನ ಮರಗಳನ್ನೂ ಬೆಳೆಸಿದ್ದರು. ಹಣ್ಣು ತಿನ್ನಲು ಬಾವಲಿಗಳು ಬಂದವು. ಅವು ಅರ್ಧ ತಿಂದು ಬಿಟ್ಟ ಹಣ್ಣು, ಅವುಗಳ ಎಂಜಲು ಹಂದಿ ದೊಡ್ಡಿಗೆ ಬಿತ್ತು. ಬಾವಲಿಗೆ ಆ ವೈರಸ್ಸಿನಿಂದ ಅಂಥ ತೊಂದರೆಯಿಲ್ಲ. ಹಂದಿಗಳಿಗೆ ಕೆಮ್ಮು ಬಂತು. ಹಂದಿ ನೋಡಿಕೊಳ್ಳುವವರಿಗೆ ಮಿದುಳಿನ ಉರಿಯೂತ ಬಂತು. ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಲ್ಲಬೇಕಾಯಿತು. ಮರವನ್ನು ದೊಡ್ಡಿಯಿಂದ ದೂರ ನೆಟ್ಟಿದ್ದರೆ ಆ ದಾರಿಯೇ ತೆರೆಯುತ್ತಿರಲಿಲ್ಲ.

ಹಾಲಿನ ದಾರಿ ಹಳೆಯದು. ಕಂದುರೋಗ, ಅಂದರೆ ಬ್ರುಸೆಲ್ಲೋಸಿಸ್ ಬಂದ ಹಸು, ಮೇಕೆಗಳು ಕಂದು ಹಾಕುತ್ತವೆ, ಅಂದರೆ ಅವುಗಳಿಗೆ ಗರ್ಭಪಾತವಾಗುತ್ತದೆ. ಅವುಗಳ ಹಸಿ ಹಾಲು ಕುಡಿದವರಿಗೆ ವಾರಗಟ್ಟಲೆ ಬಂದು ಹೋಗುವ ಜ್ವರ, ಕೀಲು ನೋವು. ಬರಿಗೈಯಲ್ಲಿ ಕಂದು, ಮಾಸು ಎತ್ತಿದವರಿಗೂ ಬರುತ್ತದೆ. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೆ, ಇಲ್ಲವೇ ಸುಮ್ನೆ ಚೆನ್ನಾಗಿ ಕುದಿಸಿದರೆ ಆ ದಾರಿ ಮುಚ್ಚಿತು. ಕಂದು ಎತ್ತುವಾಗ ಕೈಗವಸು ಹಾಕಿಕೊಂಡರೆ ಇನ್ನೊಂದು ದಾರಿಯೂ ಮುಚ್ಚಿತು.

ದನಕರು ಸಾಕುವವರು ತಿಳಿದಿರಲೇಬೇಕಾದ ಇನ್ನೊಂದು ವಿಷಯ ನೆರಡಿ ರೋಗದ್ದು, ಅಂದರೆ ಆಂಥ್ರಾಕ್ಸ್. ನಿನ್ನೆ ತನಕ ಮೇಯುತ್ತಿದ್ದ ಹಸು ಇದ್ದಕ್ಕಿದ್ದಂತೆ ಸತ್ತು ಬಿದ್ದಿರುತ್ತದೆ. ಮೂಗಿನಿಂದ, ಗುದದಿಂದ ಕಪ್ಪು ರಕ್ತ ಸೋರುತ್ತಿರುತ್ತದೆ, ಹೆಪ್ಪುಗಟ್ಟಿರುವುದಿಲ್ಲ. ಇಂಥ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಯಾಕೆ ಗೊತ್ತಾ? ಮುಚ್ಚಿದ ಹೆಣದೊಳಗೆ ಕೊಳೆಯುವಾಗ ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಸತ್ತುಹೋಗುತ್ತದೆ. ಕೊಯ್ದು ಗಾಳಿಗೆ ಒಡ್ಡಿದರೆ ಅದು ಗಟ್ಟಿ ಚಿಪ್ಪಿನ ಬೀಜಕಣವಾಗಿ ಮಾರ್ಪಡುತ್ತದೆ. ಆ ಕಣಗಳು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತವೆ. ಅಂದು ಮಾಡಿದ ಒಂದು ಕೊಯ್ತದಿಂದ ಮೊಮ್ಮಕ್ಕಳ ಕಾಲದ ದನಗಳೂ ಸಾಯಬಹುದು. ಹಾಗಾಗಿ ಮುಟ್ಟದೆ ಪಶುವೈದ್ಯರನ್ನು ಕರೆಸಿ, ಅವರು ಹೇಳಿದಂತೆ ಸುಡಬೇಕು, ಇಲ್ಲವೇ ಆಳದಲ್ಲಿ ಹೂಳಬೇಕು.

ಕಾಲುಬಾಯಿ ರೋಗ ಮನುಷ್ಯರಿಗೆ ಬರುವುದು ತೀರಾ ಅಪರೂಪ. ಆದರೆ ಅದನ್ನು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೊತ್ತೊಯ್ಯುವುದರಲ್ಲಿ ಮನುಷ್ಯರ ಪಾಲು ದೊಡ್ಡದು. ಬೂಟಿನ ಅಡಿಯ ಮಣ್ಣು, ಗಾಡಿಯ ಚಕ್ರ, ಹಾಲಿನ ಕ್ಯಾನು ಎಲ್ಲವೂ ವಾಹನವೇ. 2001ರಲ್ಲಿ ಬ್ರಿಟನ್ನಿನಲ್ಲಿ ಈ ರೋಗ ಹಬ್ಬಿದಾಗ ಅದನ್ನು ತಡೆಯಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಹೊಸದಾಗಿ ಕೊಂಡು ತಂದ ಪ್ರಾಣಿಯನ್ನು ಕೆಲವು ವಾರ ಬೇರೆ ಕಟ್ಟುವುದು, ಕೊಟ್ಟಿಗೆಯ ಬಾಗಿಲಲ್ಲಿ ಬೂಟು ತೊಳೆಯುವುದು, ಹುಷಾರಿಲ್ಲದ ದನದ ಕೆಲಸವನ್ನು ಕೊನೆಗೆ ಮಾಡುವುದು. ನೋಡಲು ಸಣ್ಣ ಕೆಲಸಗಳು, ಆದರೆ ಹಿಂಡನ್ನೇ ಉಳಿಸುತ್ತವೆ.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ರೇಬೀಸ್ ಬಗ್ಗೆ. ಲಕ್ಷಣ ಕಾಣಿಸಿಕೊಂಡ ಮೇಲೆ ಇದರಿಂದ ಬದುಕುವವರು ಇಲ್ಲವೆಂದೇ ಹೇಳಬೇಕು. ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆ ಎಂಬ ಅಂದಾಜಿದೆ. ಬಹುತೇಕ ಎಲ್ಲರಿಗೂ ಅದು ಬಂದದ್ದು ನಾಯಿಯಿಂದ. ನನಗೆ ತಡೆಯಲಾಗದ ಬೇಸರ ಏನೆಂದರೆ, ಇಷ್ಟು ಮಾರಕವಾದ ರೋಗವೂ ತಡೆಯಲು ನಮಗೆ ಸಮಯ ಕೊಡುತ್ತದೆ. ಕಚ್ಚಿದ ಜಾಗದಿಂದ ವೈರಸ್ ನರದೊಳಗೆ ಸೇರಿ, ನರದ ಗುಂಟ ಮಿದುಳಿನ ಕಡೆಗೆ ನಿಧಾನಕ್ಕೆ ಏರುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಮುಖಕ್ಕೆ, ಕುತ್ತಿಗೆಗೆ ಕಚ್ಚಿದರೆ ಬೇಗ. ಅದು ಮಿದುಳು ಮುಟ್ಟುವ ಮೊದಲು ಮೈಯಲ್ಲಿ ರಕ್ಷಣೆ ತಯಾರಾದರೆ ಜೀವ ಉಳಿಯಿತು. 1885ರ ಜುಲೈನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರನಿಗೆ ಲಸಿಕೆ ಕೊಡಿಸಿ ಬದುಕಿಸಿದ್ದು ಈ ಸಮಯವನ್ನು ಬಳಸಿಕೊಂಡೇ.

ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ, ಮೊದಲ ಕೆಲಸ ನಲ್ಲಿಯ ಹತ್ತಿರ ಓಡುವುದು. ಹರಿಯುವ ನೀರು, ಸೋಪು, ಪೂರ್ತಿ 15 ನಿಮಿಷ. ಗಡಿಯಾರ ನೋಡಿಕೊಂಡು ತೊಳೆಯಿರಿ, ಯಾಕೆಂದರೆ ನೋವಿನಲ್ಲಿ ಎರಡು ನಿಮಿಷವೇ ಹದಿನೈದು ಅನಿಸುತ್ತದೆ. ಈ ವೈರಸ್ಸಿಗೂ ಜಿಡ್ಡಿನ ಹೊದಿಕೆ ಇದೆ, ಮೇಲೆ ಹೇಳಿದ ಸೋಪಿನ ಕೆಲಸ ಇಲ್ಲಿಯೂ ನಡೆಯುತ್ತದೆ. ಗಾಯಕ್ಕೆ ಬೇರೇನನ್ನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ ಕೂಡ ಬೇಕಾಗುತ್ತದೆ. ಅದನ್ನು ಗಾಯದ ಒಳಗೆ, ಸುತ್ತಲೂ ಚುಚ್ಚುತ್ತಾರೆ. ಲಸಿಕೆ ಕೆಲಸ ಶುರು ಮಾಡಲು ಬೇಕಾಗುವ ದಿನಗಳಲ್ಲಿ ಕಾವಲಿಗೆ ಇರುವುದು ಅದೇ. ಎಲ್ಲ ಡೋಸುಗಳನ್ನೂ ಮುಗಿಸಿ. ಕಚ್ಚಿಸಿಕೊಂಡವರಲ್ಲಿ ಮಕ್ಕಳು ಜಾಸ್ತಿ, ಬೈಗುಳಕ್ಕೆ ಹೆದರಿ ಅವರು ಹೇಳದೆ ಇರಬಹುದು. ಹೇಳಿದರೆ ಯಾರೂ ಬೈಯುವುದಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿರಬೇಕು.

ಇದು ಮನುಷ್ಯರ ಕಡೆಯಿಂದ. ನಾಯಿಗಳ ಕಡೆಯಿಂದ ನೋಡಿದರೆ ಇನ್ನೂ ದೊಡ್ಡ ಉಪಾಯ ಇದೆ. ಒಂದು ಪ್ರದೇಶದ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಹಾಕಿದರೆ, ಹಾಕುತ್ತಲೇ ಬಂದರೆ, ನಾಯಿಗಳ ನಡುವೆಯೇ ವೈರಸ್ಸಿನ ಓಡಾಟ ನಿಲ್ಲುತ್ತದೆ. ನಾಯಿಗಳನ್ನು ಕೊಂದರೆ ನಿಲ್ಲುವುದಿಲ್ಲ. ಖಾಲಿಯಾದ ಜಾಗಕ್ಕೆ ಲಸಿಕೆ ಆಗದ ಬೇರೆ ನಾಯಿಗಳು ಬಂದು ಸೇರಿಕೊಳ್ಳುತ್ತವೆ.

ಲಸಿಕೆಯ ಲೆಕ್ಕ

ನೂರಕ್ಕೆ 70 ಸಾಕು ಅಂತ ರೇಬೀಸ್‌ಗೆ ಹೇಳುತ್ತಾರೆ, ದಡಾರಕ್ಕೆ ಮಾತ್ರ 95 ಬೇಕು ಅನ್ನುತ್ತಾರೆ. ಯಾಕೆ? ಲೆಕ್ಕ ಸುಲಭ. ಯಾರಿಗೂ ರಕ್ಷಣೆ ಇಲ್ಲದ ಕಡೆ ದಡಾರ ಬಂದ ಒಬ್ಬರಿಂದ 12ರಿಂದ 18 ಜನರಿಗೆ ಹರಡುತ್ತದೆ. 15 ಅಂತ ಇಟ್ಟುಕೊಳ್ಳೋಣ. ಆ 15ರಲ್ಲಿ 14 ಜನರಿಗೆ ರಕ್ಷಣೆ ಇದ್ದರೆ ರೋಗ ಒಬ್ಬರಿಗೆ ಮಾತ್ರ ದಾಟುತ್ತದೆ, ಅಂದರೆ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಹದಿನೈದಕ್ಕೆ ಹದಿನಾಲ್ಕು ಅಂದರೆ ನೂರಕ್ಕೆ 93. ಅದಕ್ಕಿಂತ ಮೇಲೆ ಹೋದರೆ ಮಾತ್ರ ಸರಪಳಿ ಕಡಿಯುತ್ತದೆ. ಲಸಿಕೆ ಹಾಕುವ ವಯಸ್ಸಾಗದ ಕೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು, ಇವರನ್ನು ಕಾಯುವುದು ಸುತ್ತಲಿನ ಆ 95.

ಸಿಡುಬನ್ನು ಅಳಿಸಲು ಆದದ್ದಕ್ಕೆ ಒಳ್ಳೆಯ ಲಸಿಕೆ ಒಂದು ಕಾರಣ. ಇನ್ನೊಂದು, ಅದು ಮನುಷ್ಯರಲ್ಲಿ ಮಾತ್ರ ಇತ್ತು. ಅಡಗಿಕೊಳ್ಳಲು ಪ್ರಾಣಿಗಳ ಆಸರೆ ಇರಲಿಲ್ಲ. ರೋಗ ಬಂದವರನ್ನು ಹುಡುಕಿ, ಅವರ ಸುತ್ತಲಿನವರಿಗೆಲ್ಲ ಬೇಲಿ ಕಟ್ಟಿದ ಹಾಗೆ ಲಸಿಕೆ ಹಾಕುತ್ತಾ ಹೋದರು. ಸಹಜವಾಗಿ ಹರಡಿದ ಕೊನೆಯ ಸಿಡುಬು 1977ರಲ್ಲಿ ಸೊಮಾಲಿಯಾದಲ್ಲಿ ಕಂಡಿತು. 1980ರಲ್ಲಿ ಸಿಡುಬು ಹೋಯಿತೆಂದು ಘೋಷಿಸಿದರು. ಹೀಗೆ ಭೂಮಿಯಿಂದಲೇ ಹೋದ ಇನ್ನೊಂದು ರೋಗ ದನಗಳ ರಿಂಡರ್‌ಪೆಸ್ಟ್, ನಮ್ಮ ಹಿರಿಯರು ದೊಡ್ಡರೋಗ ಅನ್ನುತ್ತಿದ್ದದ್ದು. ದಡಾರದ ವೈರಸ್ಸಿಗೆ ಇದು ಹತ್ತಿರದ ನೆಂಟ. 1890ರ ದಶಕದಲ್ಲಿ ಆಫ್ರಿಕಾದಲ್ಲಿ ದನಗಳು ಹಿಂಡು ಹಿಂಡಾಗಿ ಸತ್ತು, ಹಿಂದೆಯೇ ಕ್ಷಾಮ ಬಂದಿತ್ತು. ಬಿಸಿಲಿನಲ್ಲೂ ಕೆಡದ ಲಸಿಕೆ ಬಂದ ಮೇಲೆ, ದನಗಾಹಿಗಳಿಗೇ ತರಬೇತಿ ಕೊಟ್ಟು ಅವರ ಕೈಯಿಂದಲೇ ದೂರದೂರದ ಹಿಂಡುಗಳಿಗೆ ಹಾಕಿಸಿದರು. 2011ರಲ್ಲಿ ಅದೂ ಹೋಯಿತು.

ಆಂಟಿಬಯಾಟಿಕ್ ಬಗ್ಗೆ ಒಂದೇ ಮಾತು. ಅದು ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗೆ ಅಲ್ಲ. ನೆಗಡಿಗೆ ನುಂಗಿದರೂ, ಆರೋಗ್ಯವಾಗಿರುವ ಕೋಳಿ, ಹಂದಿಗೆ ಬೇಗ ಬೆಳೆಯಲೆಂದು ತಿನ್ನಿಸಿದರೂ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನಾವೇ ಸಾಕಿ ಬೆಳೆಸಿದಂತೆ.

ಇನ್ನು ಆ ನಾರುಹುಣ್ಣು. ಮನುಷ್ಯರಲ್ಲಿ ಹತ್ತಾರಕ್ಕೆ ಇಳಿದ ಮೇಲೂ ಅದು ಯಾಕೆ ಪೂರ್ತಿ ಹೋಗಿಲ್ಲ? 2012ರಲ್ಲಿ ಆಫ್ರಿಕಾದ ಚಾಡ್ ದೇಶದಲ್ಲಿ ನಾಯಿಗಳ ಕಾಲಿನಿಂದಲೂ ಅದೇ ಹುಳು ಹೊರಬರುತ್ತಿರುವುದು ಕಂಡಿತು. ಆಮೇಲೆ ಒಂದೊಂದು ವರ್ಷ ಸಾವಿರಕ್ಕೂ ಹೆಚ್ಚು ನಾಯಿಗಳಲ್ಲಿ. ಮೀನು ಕೊಯ್ದ ಮೇಲೆ ಎಸೆದ ಕರುಳನ್ನು ತಿಂದು ನಾಯಿಗಳಿಗೆ ಮರಿಗಳು ಸೇರುತ್ತಿರಬಹುದು ಎಂದು ತಜ್ಞರು ಅನುಮಾನಪಟ್ಟರು. ಈಗ ಅಲ್ಲಿನ ಊರುಗಳಲ್ಲಿ ಮೀನಿನ ಕರುಳನ್ನು ಮಣ್ಣಿನಲ್ಲಿ ಹೂಳುತ್ತಾರೆ. ನಾಯಿಗಳನ್ನು ಹುಳುವಿನ ಕಾಲ ಮುಗಿಯುವ ತನಕ ಕಟ್ಟಿ ಹಾಕುತ್ತಾರೆ. ಹುಳು ಬಂದ ನಾಯಿಯನ್ನು ಕಟ್ಟಿ, ಸುದ್ದಿ ಮುಟ್ಟಿಸಿದವರಿಗೆ ಬಹುಮಾನವೂ ಇದೆ. ಕಟ್ಟಿದ ನಾಯಿಯ ಕಾಲಿನಿಂದ ಬಿಳಿ ದಾರದಂಥ ಹುಳು ಹೊರಗೆ ಬರುತ್ತದೆ. ಸುತ್ತ ಒಣಮಣ್ಣು. ನೀರು ಹಗ್ಗದ ಉದ್ದಕ್ಕಿಂತ ಬಹಳ ಆಚೆ ಇದೆ.